ಒಂದೇ ಕಡೆಗೆ ಹರಿಯುವ ಗಮನ: ಆಟಿಸಂ ಇರುವ ಮಕ್ಕಳಿಗೆ ಸಾವಧಾನ ಮತ್ತು ಕಲೆಯ ಆಸರೆ

ಆಟಿಸಂ ಇರುವ ಮಗುವಿನ ಬಗ್ಗೆ ಮನೆಯಲ್ಲಿ, ಶಾಲೆಯಲ್ಲಿ, ವೈದ್ಯರ ಮುಂದೆ ಕೇಳಿಬರುವ ದೂರುಗಳಲ್ಲಿ ಗಮನಕ್ಕೆ ಸಂಬಂಧಿಸಿದವು ಬಹಳ. ಮಗು ಒಂದೆಡೆ ಕೂರುವುದಿಲ್ಲ, ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ, ಹೇಳಿಕೊಟ್ಟ ಕೆಲಸವನ್ನು ಅರ್ಧಕ್ಕೇ ಬಿಟ್ಟು ಏಳುತ್ತದೆ ಎಂಬ ಮಾತುಗಳನ್ನು ಪೋಷಕರೂ ಶಿಕ್ಷಕರೂ ಒಂದೇ ಬಗೆಯ ದಣಿವಿನಿಂದ ಹೇಳುತ್ತಾರೆ. ಅದೇ ಮಗು ತಿರುಗುವ ಫ್ಯಾನನ್ನೋ, ಆಟಿಕೆ ಕಾರಿನ ಚಕ್ರವನ್ನೋ, ನಲ್ಲಿಯಿಂದ ಬೀಳುವ ನೀರಿನ ಧಾರೆಯನ್ನೋ ಕಣ್ಣು ಕೀಳದೆ ಬಹಳ ಹೊತ್ತು ನೋಡಬಲ್ಲದು, ಬಣ್ಣದ ಪೆನ್ಸಿಲುಗಳನ್ನು ತನ್ನದೇ ಕ್ರಮದಲ್ಲಿ ಸಾಲಾಗಿ ಜೋಡಿಸಿ, ಒಂದು ಆಚೀಚೆಯಾದರೂ ತಕ್ಷಣ ಗುರುತಿಸಬಲ್ಲದು ಎಂಬುದೂ ಅವರು ಕಂಡ ಸಂಗತಿಯೇ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮಗುವಿಗೆ ಗಮನವೇ ಇಲ್ಲವೆಂಬ ತೀರ್ಮಾನ ನಿಲ್ಲುವುದಿಲ್ಲ. ಗಮನ ಎಲ್ಲಿ ನೆಲೆಸಿದೆ, ಅಲ್ಲಿಂದ ಹೊರಡಲು ಅದಕ್ಕೆ ಏನು ಬೇಕು ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಸಾವಧಾನದ ಅಭ್ಯಾಸಗಳನ್ನೂ ಕಲಾ ಚಟುವಟಿಕೆಗಳನ್ನೂ ಇಂಥ ಮಕ್ಕಳೊಂದಿಗೆ ಬಳಸುವ ಪ್ರಯತ್ನಗಳು ಈ ಪ್ರಶ್ನೆಗಳಿಂದ ಆರಂಭವಾದಾಗ ಮಗುವಿಗೆ ಆಸರೆಯಾಗುತ್ತವೆ. ಮಗುವನ್ನು ಸುಮ್ಮನೆ ಕೂರಿಸುವ ಆಸೆಯಿಂದ ಆರಂಭವಾದಾಗ ಅದಕ್ಕೆ ಇನ್ನೊಂದು ಹೊರೆಯಾಗುತ್ತವೆ.

ಆಟಿಸಂ ಎಂದರೆ

ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ, ಮಿದುಳಿನ ಬೆಳವಣಿಗೆಯ ಹಂತದಲ್ಲೇ ರೂಪುಗೊಂಡು ಬದುಕಿನುದ್ದಕ್ಕೂ ಉಳಿಯುವ ಒಂದು ಭಿನ್ನತೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರಗಳನ್ನು ಮುಂದಿಟ್ಟು ಬರೆದ ಪ್ರಬಂಧದಿಂದ ಅದು ವೈದ್ಯಲೋಕದ ಗಮನ ಸೆಳೆಯಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು, ಆಸ್ಪರ್ಜರ್ ಸಿಂಡ್ರೋಮ್ ಮೊದಲಾದ ಹಿಂದಿನ ಬೇರೆಬೇರೆ ಹೆಸರುಗಳನ್ನು ಕೈಬಿಟ್ಟು, ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ವರ್ಗದಡಿ ತಂದಿತು. ಸ್ಪೆಕ್ಟ್ರಮ್ ಎಂಬ ಮಾತು ಸೂಚಿಸುವುದು ಈ ಭಿನ್ನತೆಯ ವೈವಿಧ್ಯವನ್ನು. ಒಂದು ಮಗು ಮಾತೇ ಆಡದಿರಬಹುದು, ಇನ್ನೊಂದು ರೈಲುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡಬಹುದು. ಒಬ್ಬರಿಗೆ ದಿನದ ಪ್ರತಿ ಕೆಲಸಕ್ಕೂ ನೆರವು ಬೇಕಾಗಬಹುದು, ಇನ್ನೊಬ್ಬರು ತಾವಾಗಿಯೇ ಉದ್ಯೋಗ ಮಾಡಿಕೊಂಡಿರಬಹುದು.

ಇದೇ ಕೈಪಿಡಿ ಮಾಡಿದ ಇನ್ನೆರಡು ಬದಲಾವಣೆಗಳು ಇಲ್ಲಿ ಮುಖ್ಯವಾಗುತ್ತವೆ. ಸದ್ದು, ಬೆಳಕು, ಸ್ಪರ್ಶ, ವಾಸನೆಗಳಿಗೆ ಅತಿಯಾಗಿಯೋ ತೀರಾ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಮೊದಲನೆಯದು; ಆಟಿಸಂ ಇರುವ ಮಗುವಿಗೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಸಮಸ್ಯೆಯಾದ ಎಡಿಎಚ್‌ಡಿಯೂ ಇರಬಹುದೆಂದು ಒಪ್ಪಿ, ಎರಡನ್ನೂ ಒಟ್ಟಿಗೆ ಗುರುತಿಸಲು ಅವಕಾಶ ಕೊಟ್ಟದ್ದು ಎರಡನೆಯದು. ಗಮನ ಚದುರುವ ಪ್ರತಿ ಮಗುವಿನ ಹಿಂದೆ ಒಂದೇ ಕಾರಣವಿರುವುದಿಲ್ಲ. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯೋ ಸಮವಸ್ತ್ರದ ಕಾಲರಿನ ಒರಟು ಹೊಲಿಗೆಯೋ ಮಗುವನ್ನು ಕಾಡುತ್ತಿದ್ದರೆ, ಪಾಠದ ಕಡೆ ನೋಡು ಎಂದು ಎಷ್ಟು ಸಲ ಹೇಳಿದರೂ ಅದಕ್ಕೆ ಅರ್ಥವಿರುವುದಿಲ್ಲ. ಮೊದಲು ಆ ತೊಂದರೆಯನ್ನು ನಿವಾರಿಸಬೇಕಾಗುತ್ತದೆ.

ಗಮನದ ಬೇರೊಂದು ರೀತಿ

ಡೈನಾ ಮರ್ರಿ, ಮೈಕ್ ಲೆಸ್ಸರ್ ಮತ್ತು ಲಾಸನ್ ಎಂಬ ಮೂವರು 2005ರಲ್ಲಿ ಮಂಡಿಸಿದ ಮಾನೋಟ್ರೋಪಿಸಂ ಎಂಬ ಸಿದ್ಧಾಂತ ಆಟಿಸಂ ಮತ್ತು ಗಮನದ ನಂಟನ್ನು ಹೊಸದಾಗಿ ವಿವರಿಸಿತು. ಅವರಲ್ಲಿ ಮರ್ರಿ ಮತ್ತು ಲಾಸನ್ ಸ್ವತಃ ಆಟಿಸಂ ಇದ್ದವರು ಎಂಬುದರಿಂದ ಈ ವಿವರಣೆಗೆ ಒಳಗಿನ ಅನುಭವದ ಬಲವೂ ಇದೆ. ಯಾರ ಬಳಿಯಾದರೂ ಒಂದು ಕ್ಷಣಕ್ಕೆ ಇರುವ ಗಮನದ ಪ್ರಮಾಣ ಸೀಮಿತವಾದದ್ದು. ಹೆಚ್ಚಿನವರಲ್ಲಿ ಅದು ಏಕಕಾಲಕ್ಕೆ ಹಲವು ಆಸಕ್ತಿಗಳಿಗೆ ತೆಳುವಾಗಿ ಹಂಚಿಹೋದರೆ, ಆಟಿಸಂ ಇರುವವರಲ್ಲಿ ಒಂದೆರಡು ಆಸಕ್ತಿಗಳ ಕಡೆಗೆ ಪೂರ್ತಿಯಾಗಿ ಹರಿಯುತ್ತದೆ ಎಂಬುದು ಈ ಸಿದ್ಧಾಂತದ ತಿರುಳು. ತೋಟದಲ್ಲಿ ಒಂದು ಪಾತಿಗೆ ತಿರುಗಿಸಿದ ನೀರನ್ನು ಇನ್ನೊಂದಕ್ಕೆ ಹಾಯಿಸಬೇಕಾದರೆ ಹೇಗೆ ಈ ಮಡೆಯನ್ನು ಕಟ್ಟಿ ಆ ಮಡೆಯನ್ನು ಬಿಡಿಸುವಷ್ಟು ಹೊತ್ತು ಬೇಕೋ ಹಾಗೆ, ಇಂಥ ಗಮನ ಒಂದರಿಂದ ಇನ್ನೊಂದಕ್ಕೆ ಸಾಗಲು ಕಾಲಾವಕಾಶ ಬೇಕು. ಹಠಾತ್ತನೆ ಕರೆದಾಗ ಮಗು ತಿರುಗದಿರುವುದಕ್ಕೂ, ಬಲವಂತವಾಗಿ ಎಳೆದಾಗ ಕುಸಿದು ಅಳುವುದಕ್ಕೂ ಈ ವಿವರಣೆಯಲ್ಲಿ ಕಾರಣ ಸಿಗುತ್ತದೆ.

ಈ ಬಗೆಯ ಗಮನಕ್ಕೆ ತನ್ನದೇ ಸಾಮರ್ಥ್ಯವೂ ಇದೆ. ಸಂಕೀರ್ಣವಾದ ಚಿತ್ರವೊಂದರೊಳಗೆ ಅಡಗಿರುವ ತ್ರಿಕೋನದಂಥ ಸರಳ ಆಕಾರವನ್ನು ಹುಡುಕುವ ಪರೀಕ್ಷೆಯಲ್ಲಿ, ಆಟಿಸಂ ಇರುವ ಮಕ್ಕಳು ಅದೇ ಮಾನಸಿಕ ವಯಸ್ಸಿನ ಇತರ ಮಕ್ಕಳಿಗಿಂತ ಮುಂದಿರುವುದನ್ನು ಅಮಿತಾ ಶಾ ಮತ್ತು ಊಟಾ ಫ್ರಿತ್ 1983ರಲ್ಲಿಯೇ ಪ್ರಕಟಿಸಿದ್ದರು. ವಿವರಗಳನ್ನು ಹಿಡಿಯುವ ಕಣ್ಣು, ಪುನರಾವರ್ತನೆಯಲ್ಲಿ ಸಿಗುವ ನೆಮ್ಮದಿ, ವಿನ್ಯಾಸಗಳ ಬಗೆಗಿನ ಒಲವು ಇವೆಲ್ಲ ಕಲೆಯ ಕೆಲಸಕ್ಕೆ ಬೇಕಾದ ಗುಣಗಳೇ. ಸಾವಧಾನ ಮತ್ತು ಕಲೆಯ ಚಟುವಟಿಕೆಗಳು ಕಟ್ಟಿಕೊಳ್ಳಬೇಕಾದದ್ದು ಈ ಸಾಮರ್ಥ್ಯದ ಮೇಲೆ.

ಅಂಗಾಲಿನಿಂದ ಆರಂಭ

ಮೈಂಡ್‌ಫುಲ್‌ನೆಸ್ ಎಂದು ಇಂದು ಎಲ್ಲೆಡೆ ಪ್ರಚಲಿತವಾಗಿರುವ ಸಾವಧಾನದ ಅಭ್ಯಾಸವೆಂದರೆ, ಈ ಕ್ಷಣದಲ್ಲಿ ದೇಹದಲ್ಲಿ, ಮನಸ್ಸಿನಲ್ಲಿ, ಸುತ್ತಮುತ್ತ ಏನು ನಡೆಯುತ್ತಿದೆಯೋ ಅದನ್ನು ಸರಿ ತಪ್ಪುಗಳ ತೀರ್ಪು ಕೊಡದೆ ಬೇಕೆಂದೇ ಗಮನಿಸುವುದು. ಬೌದ್ಧ ಧ್ಯಾನ ಮತ್ತು ಯೋಗದ ಪರಂಪರೆಗಳಿಂದ ಬಂದ ಈ ಅಭ್ಯಾಸವನ್ನು ಜಾನ್ ಕಬಾಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವ ವಯಸ್ಕರಿಗಾಗಿ ಕೆಲವು ವಾರಗಳ ತರಬೇತಿಯಾಗಿ ರೂಪಿಸಿದರು. ಕಣ್ಣು ಮುಚ್ಚಿ ನಿಶ್ಚಲವಾಗಿ ಕುಳಿತು ಉಸಿರನ್ನು ಗಮನಿಸುವ ಆ ರೂಪವನ್ನು ಆಟಿಸಂ ಇರುವ ಮಗುವಿನ ಮೇಲೆ ಹಾಗೆಯೇ ಹೇರುವುದು ಸರಿಯಲ್ಲ. ಕಣ್ಣು ಮುಚ್ಚಿದಾಗ ಕೆಲವು ಮಕ್ಕಳಿಗೆ ಭಯವಾಗುತ್ತದೆ. ನಿನ್ನ ಯೋಚನೆಗಳು ಮೋಡಗಳಂತೆ ಸಾಗಲಿ ಎಂಬಂಥ ರೂಪಕದ ಮಾತುಗಳು, ಮಾತನ್ನು ಅಕ್ಷರಶಃ ಗ್ರಹಿಸುವ ಮಗುವಿಗೆ ಗೊಂದಲ ತರುತ್ತವೆ. ಅಲುಗಾಡದೆ ಕೂರಬೇಕೆಂಬ ನಿಯಮ ದೇಹವನ್ನು ಇನ್ನಷ್ಟು ಬಿಗಿಯಾಗಿಸುತ್ತದೆ.

ಆದ್ದರಿಂದ ಮಕ್ಕಳಿಗೆ ಒಗ್ಗುವ ಸಾವಧಾನ ಕೈಗೆ, ಕಣ್ಣಿಗೆ, ಕಾಲಿಗೆ ಸಿಗುವಂಥ ವಸ್ತುಗಳಿಂದ ಆರಂಭವಾಗುತ್ತದೆ. ಹಾಸಿಗೆಯ ಮೇಲೆ ಮಲಗಿದ ಮಗುವಿನ ಹೊಟ್ಟೆಯ ಮೇಲೆ ಹಗುರವಾದ ಗೊಂಬೆಯನ್ನಿಟ್ಟು ಅದು ಉಸಿರಿನೊಂದಿಗೆ ಏರಿಳಿಯುವುದನ್ನು ನೋಡುವುದು, ಗಂಟೆಯನ್ನು ಮೆಲ್ಲಗೆ ಬಾರಿಸಿ ಅದರ ನಾದ ಪೂರ್ತಿ ಅಡಗಿದಾಗ ಕೈ ಎತ್ತುವುದು, ತಣ್ಣನೆಯ ಕಲ್ಲನ್ನು ಅಂಗೈಯಲ್ಲಿ ಹಿಡಿದು ಅದು ಬೆಚ್ಚಗಾಗುವವರೆಗೆ ಕಾಯುವುದು ಇಂಥ ಅಭ್ಯಾಸಗಳಲ್ಲಿ ಗಮನಕ್ಕೆ ಖಚಿತವಾದ ನೆಲೆಯಿರುತ್ತದೆ, ಸ್ಪಷ್ಟವಾದ ಕೊನೆಯೂ ಇರುತ್ತದೆ. ಮನಶ್ಶಾಸ್ತ್ರಜ್ಞ ನಿರ್ಭಯ ಸಿಂಗ್ ಮತ್ತು ಸಂಗಡಿಗರು ರೂಪಿಸಿದ ಅಂಗಾಲಿನ ಧ್ಯಾನ ಇದಕ್ಕೆ ಒಳ್ಳೆಯ ಮಾದರಿ. ಸಿಟ್ಟು ಏರುತ್ತಿರುವುದು ಗೊತ್ತಾದಾಗ ಪಾದಗಳನ್ನು ನೆಲಕ್ಕೆ ಊರಿ, ಗಮನವನ್ನು ಅಂಗಾಲಿಗೆ ತಂದು, ಬೆರಳುಗಳು, ಹಿಮ್ಮಡಿ, ಕಾಲುಚೀಲದ ಸ್ಪರ್ಶ ಇವನ್ನು ಒಂದೊಂದಾಗಿ ಅನುಭವಿಸುತ್ತ ಮನಸ್ಸು ತಿಳಿಯಾಗುವವರೆಗೆ ಅಲ್ಲಿಯೇ ನಿಲ್ಲುವುದು ಇದರ ಕ್ರಮ. ಆಟಿಸಂ ಇರುವ ಮೂವರು ಹದಿಹರೆಯದವರು ಈ ಕ್ರಮವನ್ನು ಕಲಿತು, ಹೊಡೆಯುವ ಬಡಿಯುವ ವರ್ತನೆಯನ್ನು ತಾವೇ ಹತೋಟಿಗೆ ತಂದುಕೊಂಡದ್ದನ್ನು 2011ರ ಅಧ್ಯಯನವೊಂದು ದಾಖಲಿಸಿದೆ.

ಈ ಅಭ್ಯಾಸ ದೇಹದಿಂದ ಆರಂಭವಾಗುವುದಕ್ಕೆ ಇನ್ನೂ ಆಳವಾದ ಕಾರಣವಿದೆ. ಹಸಿವು, ಬಾಯಾರಿಕೆ, ಎದೆಬಡಿತ, ಮೂತ್ರದ ಒತ್ತಡದಂಥ ಒಳಗಿನ ಸೂಚನೆಗಳನ್ನು ಗ್ರಹಿಸುವ ಶಕ್ತಿಗೆ ಇಂಟರೋಸೆಪ್ಶನ್, ಅಂದರೆ ದೇಹದ ಒಳಅರಿವು, ಎಂದು ಹೆಸರು. ಆಟಿಸಂ ಇರುವ ಹಲವರಲ್ಲಿ ಈ ಸೂಚನೆಗಳು ಅಸ್ಪಷ್ಟವಾಗಿರುತ್ತವೆ, ಇಲ್ಲವೇ ತಡವಾಗಿ ತಲುಪುತ್ತವೆ. ತಮ್ಮ ಭಾವನೆ ಯಾವುದೆಂದು ಗುರುತಿಸಿ ಹೆಸರಿಸಲು ಕಷ್ಟಪಡುವ ಸ್ಥಿತಿ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದೆಯೆಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ ತಿಳಿಸುತ್ತದೆ. ಹೊಟ್ಟೆ ಹಸಿದಿದೆಯೆಂದು ತಿಳಿಯದೆ ಕಿರಿಕಿರಿಗೊಳ್ಳುವ ಮಗು ಲೆಕ್ಕದ ಪಾಠದಲ್ಲಿ ಮನಸ್ಸಿಡಲಾರದು. ಕೈ ಬಿಸಿಯಾಗಿದೆಯೇ, ಎದೆ ಜೋರಾಗಿ ಬಡಿಯುತ್ತಿದೆಯೇ ಎಂದು ಚಿತ್ರಗಳ ನೆರವಿನಿಂದ ದಿನವೂ ಸ್ವಲ್ಪ ಹೊತ್ತು ಗಮನಿಸುವ ರೂಢಿ ಮಗುವನ್ನು ಅದರ ದೇಹದೊಂದಿಗೆ ಪರಿಚಯಿಸುತ್ತದೆ, ಗಮನ ಮುರಿಯುವ ಮೊದಲೇ ನೆರವು ಕೇಳುವ ದಾರಿಯನ್ನೂ ತೋರಿಸುತ್ತದೆ.

ತಂದೆ ತಾಯಂದಿರ ಗಮನ

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಬೋಗೆಲ್ಸ್ ಮತ್ತು ಸಹೋದ್ಯೋಗಿಗಳು ಬೆಳೆಸಿದ ಮೈಮೈಂಡ್ ಎಂಬ ಕಾರ್ಯಕ್ರಮದ ವೈಶಿಷ್ಟ್ಯವೆಂದರೆ, ಅದರಲ್ಲಿ ಮಕ್ಕಳು ಒಂದು ಕೋಣೆಯಲ್ಲಿ ಸಾವಧಾನ ಕಲಿಯುವಾಗ ಅವರ ತಂದೆ ತಾಯಂದಿರು ಪಕ್ಕದ ಇನ್ನೊಂದು ಗುಂಪಿನಲ್ಲಿ ಅದನ್ನೇ ಕಲಿಯುತ್ತಾರೆ. ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ 9 ವಾರ ಇದು ನಡೆಯುತ್ತದೆ. ಆಟಿಸಂ ಇರುವ 45 ಮಕ್ಕಳು, ಹದಿಹರೆಯದವರು ಮತ್ತು ಅವರ ಪೋಷಕರನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳ ಸಾಮಾಜಿಕ ಸಂವಹನದ ತೊಡಕುಗಳೂ ಭಾವನಾತ್ಮಕ ಕಷ್ಟಗಳೂ ಕಡಿಮೆಯಾದದ್ದು ಕಂಡುಬಂದಿತು, ಪೋಷಕರ ಒತ್ತಡದ ಸ್ಥಿತಿಯೂ ಸುಧಾರಿಸಿತು. ಇದೇ ತಂಡ ಮುಂದೆ ಗಮನದ ಪರೀಕ್ಷೆಗಳನ್ನೇ ಬಳಸಿ ನಡೆಸಿದ ಅಧ್ಯಯನದಲ್ಲೂ ಆಶಾದಾಯಕ ಸೂಚನೆಗಳು ದೊರೆತವು.

ಈ ಕಾರ್ಯಕ್ರಮದಿಂದ ಕಲಿಯಬೇಕಾದ ಪಾಠ ಅಂಕಿ ಅಂಶಗಳಿಗಿಂತ ದೊಡ್ಡದು. ಆತಂಕದಲ್ಲಿರುವ ತಾಯಿ, ಇನ್ನೊಬ್ಬರ ಮಗುವಿನೊಂದಿಗೆ ಹೋಲಿಸಿ ಕೊರಗುವ ತಂದೆ, ಪಠ್ಯ ಮುಗಿಸುವ ಅವಸರದಲ್ಲಿರುವ ಶಿಕ್ಷಕರು ಮಗುವಿನ ಪಕ್ಕದಲ್ಲಿ ಕುಳಿತಿದ್ದರೂ ಅವರ ಗಮನ ಅಲ್ಲಿ ಇರುವುದಿಲ್ಲ. ಮಗು ಏನನ್ನು ನೋಡುತ್ತಿದೆ, ಯಾವ ಸದ್ದಿಗೆ ಬೆಚ್ಚುತ್ತದೆ, ಯಾವ ಸ್ಪರ್ಶಕ್ಕೆ ಅರಳುತ್ತದೆ ಎಂಬುದನ್ನು ತಿದ್ದುವ ಆತುರವಿಲ್ಲದೆ ಕೆಲವು ನಿಮಿಷ ನೋಡಬಲ್ಲ ದೊಡ್ಡವರಿಗೆ ಮಾತ್ರ ಅದರ ಗಮನದ ದಾರಿ ಕಾಣಿಸುತ್ತದೆ. ಸಾವಧಾನವನ್ನು ಮಗುವಿಗೆ ಕಲಿಸುವ ಮುನ್ನ ಮನೆಯವರು ಕಲಿಯಬೇಕೆಂಬುದು ಈ ಕಾರಣಕ್ಕೆ.

ಚುಕ್ಕಿ, ಎಳೆ, ಹೊಲಿಗೆ

ಕಲಾ ಚಟುವಟಿಕೆಗಳಲ್ಲಿ ಗಮನ ತಾನಾಗಿಯೇ ಕೈಯನ್ನು ಹಿಂಬಾಲಿಸುತ್ತದೆ. ಬಣ್ಣ ಹರಡುವುದು ಕಣ್ಣಿಗೆ ಕಾಣುತ್ತದೆ, ಮಣ್ಣು ಒತ್ತಿದಲ್ಲಿ ಬಾಗುತ್ತದೆ, ಮಾಡಿದ್ದರ ಫಲ ಅದೇ ಕ್ಷಣದಲ್ಲಿ ಎದುರಿಗೆ ಇರುತ್ತದೆ. ಮಾತಿನ ಅಗತ್ಯ ಕಡಿಮೆ. ಮಾತಿಗಿಂತ ಚಿತ್ರಗಳಲ್ಲಿ ಯೋಚಿಸುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಖಾಲಿ ಹಾಳೆಯಲ್ಲಿ ತೋಚಿದಂತೆ ಬಣ್ಣ ಹಚ್ಚಿದವರಿಗಿಂತ ಮಂಡಲದಂಥ ಕ್ರಮಬದ್ಧ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ಹೆಚ್ಚು ತಗ್ಗಿತ್ತು. ಆ ವಿದ್ಯಾರ್ಥಿಗಳು ಆಟಿಸಂ ಇದ್ದವರೆಂದು ಆಯ್ಕೆಯಾದವರಲ್ಲವಾದರೂ, ಖಾಲಿ ಹಾಳೆಯ ಮುಂದೆ ದಿಕ್ಕುತೋಚದೆ ಕೂರುವ ಮಗು ಚೌಕಟ್ಟು ಸಿಕ್ಕೊಡನೆ ಕೆಲಸಕ್ಕೆ ಇಳಿಯುವುದನ್ನು ಕಂಡ ಶಿಕ್ಷಕರಿಗೆ ಈ ಫಲಿತಾಂಶ ಅಚ್ಚರಿಯೆನಿಸದು.

ಇಂಥ ಚೌಕಟ್ಟಿಗಾಗಿ ಕನ್ನಡ ನಾಡು ಹೊರಗೆ ಹುಡುಕಬೇಕಾಗಿಲ್ಲ. ಚುಕ್ಕಿ ರಂಗೋಲಿಯಲ್ಲಿ ಮೊದಲು ಚುಕ್ಕಿಗಳ ಸಾಲು, ನಂತರ ಅವುಗಳನ್ನು ಕೂಡಿಸುವ ಎಳೆ, ಕೊನೆಗೆ ಬಣ್ಣ ಎಂಬ ಕ್ರಮ ನಿಶ್ಚಿತವಾಗಿರುತ್ತದೆ. ಮೂರು ಸಾಲಿನ ಮೂರು ಚುಕ್ಕಿಗಳಿಂದ ಆರಂಭಿಸಿ, ಮಗು ಒಪ್ಪಿದಂತೆ ಚುಕ್ಕಿಗಳನ್ನು ಹೆಚ್ಚಿಸುತ್ತ ಹೋಗಬಹುದು. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಲಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ತಾರ, ಸಮಾಂತರ ಗೆರೆಗಳ ಮತ್ತು ಕೋನಗಳ ಪುನರಾವರ್ತನೆಯಿಂದಲೇ ಬೆಳೆಯುವ ಕಲೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಎಣಿಕೆಯಲ್ಲಿ ಖುಷಿಪಡುವ ದೊಡ್ಡ ಮಕ್ಕಳಿಗೆ, ದಪ್ಪ ಜಾಲರಿ ಬಟ್ಟೆ ಮತ್ತು ಮೊಂಡು ಸೂಜಿಯೊಂದಿಗೆ, ಇದು ಹೇಳಿಮಾಡಿಸಿದಂಥ ಕೆಲಸ. ಚೌತಿಯ ಹೊತ್ತಿಗೆ ಊರೂರಿನಲ್ಲಿ ಸಿಗುವ ಜೇಡಿಮಣ್ಣಿನಲ್ಲಿ, ಕೈಗಳಿಗೆ ಬಲವಾದ ಒತ್ತಡ ಬೇಕೆನಿಸುವ ಮಕ್ಕಳು ಹಿಸುಕಿ, ಉರುಟಿ, ತಟ್ಟಿ ನೆಮ್ಮದಿ ಕಾಣಬಲ್ಲರು. ಮನೆಯ ಅಜ್ಜಿಗೆ ಗೊತ್ತಿರುವ ಕಲೆಯನ್ನು ಮಗು ಕಲಿತಾಗ, ಮನೆಯ ಮತ್ತು ಊರಿನ ಬದುಕಿನಲ್ಲಿ ಅದಕ್ಕೊಂದು ಸಹಜವಾದ ಸ್ಥಾನವೂ ದೊರೆಯುತ್ತದೆ.

ಒಂದೇ ಹಾಳೆಯ ಮೇಲೆ ಇಬ್ಬರು ಸರದಿಯಂತೆ ಗೆರೆ ಎಳೆಯುವಾಗ ಇನ್ನೊಂದು ಕಲಿಕೆಯೂ ನಡೆಯುತ್ತದೆ. ಒಬ್ಬರು ನೋಡುವುದನ್ನೇ ಇನ್ನೊಬ್ಬರೂ ನೋಡುತ್ತ, ಇಬ್ಬರೂ ಅದನ್ನೇ ನೋಡುತ್ತಿದ್ದೇವೆಂದು ಅರಿಯುವುದಕ್ಕೆ ಹಂಚಿಕೊಂಡ ಗಮನ ಎನ್ನುತ್ತಾರೆ. ಭಾಷೆಯ ಕಲಿಕೆಗೆ ಬುನಾದಿಯಾದ ಇದು ಆಟಿಸಂ ಇರುವ ಮಕ್ಕಳಲ್ಲಿ ಬೇರೆ ರೀತಿಯಲ್ಲಿ ಬೆಳೆಯುತ್ತದೆ. ಕಣ್ಣಲ್ಲಿ ಕಣ್ಣಿಡು ಎಂದು ಒತ್ತಾಯಿಸದೆ, ಇಬ್ಬರ ಕಣ್ಣುಗಳೂ ಹಾಳೆಯ ಮೇಲೆ ಸೇರುವಂತೆ ಮಾಡುವುದು ಕಲೆಗೆ ಸಾಧ್ಯ. ನೆದರ್ಲೆಂಡ್ಸ್‌ನಲ್ಲಿ ಸೆಲಿನ್ ಶ್ವೈಟ್ಸರ್ ರೂಪಿಸಿದ, 15 ಅವಧಿಗಳ ಕಲಾ ಚಿಕಿತ್ಸಾ ಕಾರ್ಯಕ್ರಮವೊಂದು ಆಟಿಸಂ ಇರುವ ಕಿರಿಯ ಮಕ್ಕಳ ಸಣ್ಣ ಗುಂಪಿನಲ್ಲಿ ಬದಲಾವಣೆಗೆ ಹೊಂದಿಕೊಳ್ಳುವ ಗುಣ ಮತ್ತು ಸಾಮಾಜಿಕ ವರ್ತನೆಯಲ್ಲಿ ಸುಧಾರಣೆಯನ್ನು ಕಂಡಿದೆ.

ಅಭ್ಯಾಸದ ಕಟ್ಟೋಣ

ಚಟುವಟಿಕೆಯಷ್ಟೇ ಅದರ ಏರ್ಪಾಟೂ ಮುಖ್ಯ. ಎರಿಕ್ ಶಾಪ್ಲರ್ ನೇತೃತ್ವದಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1972ರಲ್ಲಿ ರಾಜ್ಯವ್ಯಾಪಿ ಕಾರ್ಯಕ್ರಮವಾಗಿ ನೆಲೆಗೊಂಡ ಟೀಚ್ ಪದ್ಧತಿಯು, ಮುಂದೆ ಏನು ನಡೆಯಲಿದೆ ಎಂಬುದನ್ನು ಮಗುವಿಗೆ ಚಿತ್ರಗಳ ಸಾಲಿನಲ್ಲಿ ತೋರಿಸುವ ಕ್ರಮವನ್ನು ಪ್ರಚಾರಕ್ಕೆ ತಂದಿತು. ಅದೇ ಜಾಗ, ಅದೇ ಹೊತ್ತು, ಅದೇ ಆರಂಭ ಇರುವಂತೆ ನೋಡಿಕೊಂಡು, ಮೊದಲು ಉಸಿರು, ಆಮೇಲೆ ಬಣ್ಣ, ಕೊನೆಗೆ ಕೈ ತೊಳೆಯುವುದು ಎಂದು ಮೂರು ಚಿತ್ರಗಳನ್ನು ಗೋಡೆಗೆ ಅಂಟಿಸಿದರೆ ಅನಿಶ್ಚಿತತೆಯಿಂದ ಹುಟ್ಟುವ ಆತಂಕ ಬಹಳಷ್ಟು ಇಳಿಯುತ್ತದೆ. ಆರಂಭದಲ್ಲಿ ಎರಡು ಮೂರು ನಿಮಿಷ ಸಾಕು. ಮಗು ಬೇಸರಗೊಳ್ಳುವ ಮೊದಲೇ ಮುಗಿಸಿದರೆ ಮರುದಿನ ಅದು ತಾನಾಗಿ ಬರುವ ಸಾಧ್ಯತೆ ಹೆಚ್ಚು. ಮುಗಿಯುವ ಹೊತ್ತನ್ನು ಮರಳುಗಡಿಯಾರದಿಂದಲೋ ಉಳಿದ ಸಮಯ ಕಣ್ಣಿಗೆ ಕಾಣುವ ಟೈಮರಿನಿಂದಲೋ ಮುಂಚಿತವಾಗಿ ತಿಳಿಸುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಸಾಗಲು ಬೇಕಾದ ಅವಕಾಶವನ್ನು ಮಗುವಿಗೆ ಕೊಡುತ್ತದೆ.

ಸಾಮಗ್ರಿಗಳ ಆಯ್ಕೆಯಲ್ಲಿ ಮಗುವಿನ ಇಂದ್ರಿಯಗಳೇ ಪ್ರಮಾಣ. ಅಂಟಂಟಾದ ಬಣ್ಣ ಮುಟ್ಟಲಾರದ ಮಗುವಿಗೆ ಉದ್ದ ಹಿಡಿಯ ಕುಂಚ ಕೊಡಬಹುದು, ಇಲ್ಲವೇ ಬಣ್ಣವನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗಿಟ್ಟು ಮೇಲಿನಿಂದ ಒತ್ತಲು ಬಿಡಬಹುದು. ತಿನ್ನುವ ಪದಾರ್ಥವಲ್ಲದ್ದನ್ನೂ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಕೆಲವು ಮಕ್ಕಳಲ್ಲಿರುವುದರಿಂದ ವಿಷಕಾರಿಯಲ್ಲದ ಬಣ್ಣಗಳನ್ನೇ ಬಳಸಬೇಕು, ಮಣಿ ಗುಂಡಿಗಳಂಥ ಸಣ್ಣ ವಸ್ತುಗಳನ್ನು ದೂರವಿಡಬೇಕು. ಮಗುವಿನ ಕೈ ಹಿಡಿದು ಬಲವಂತವಾಗಿ ಗೆರೆ ಎಳೆಸುವುದಕ್ಕಿಂತ ಪಕ್ಕದಲ್ಲಿ ಕುಳಿತು ತಾವೂ ಎಳೆಯುವುದು ಲೇಸು. ಕೈ ಬೀಸುವುದು, ತೂಗಾಡುವುದು ಮೊದಲಾದ ಚಲನೆಗಳು ಮಗು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಮಾರ್ಗಗಳಾದ್ದರಿಂದ, ದೇಹಕ್ಕೆ ಅಪಾಯವಿಲ್ಲದಿರುವಾಗ ಅವನ್ನು ತಡೆಯಬೇಕಾಗಿಲ್ಲ. ಎಷ್ಟೋ ಸಲ ಮಗು ಗಮನ ಕೊಡುತ್ತಿರುವುದೇ ಅವುಗಳ ನೆರವಿನಿಂದ. ಸಾಕು ಎಂದು ಹೇಳಲು ಮಾತು, ಸಂಜ್ಞೆ ಅಥವಾ ಚಿತ್ರವಿರುವ ಕಾರ್ಡು ಮಗುವಿನ ಕೈಯಲ್ಲಿರಬೇಕು, ಅದನ್ನು ಬಳಸಿದಾಗ ದೊಡ್ಡವರು ಆ ಮಾತನ್ನು ಮನ್ನಿಸಬೇಕು.

ಆಧಾರಗಳ ಅಳತೆ

ಈ ಕ್ಷೇತ್ರದ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ ನಡೆದವು. ಮೇಲೆ ಹೇಳಿದ 2018ರ ಅಧ್ಯಯನದಲ್ಲೂ ತರಬೇತಿ ಪಡೆಯದ ಮಕ್ಕಳ ಹೋಲಿಕೆಯ ಗುಂಪು ಇರಲಿಲ್ಲ. ನೆರೆಯ ಕ್ಷೇತ್ರವಾದ ಸಂಗೀತ ಚಿಕಿತ್ಸೆಯಲ್ಲಿ ದೊಡ್ಡ ಪ್ರಯೋಗಗಳು ನಡೆದಿದ್ದು, ಅವುಗಳ ಪಾಠ ಇಲ್ಲಿಯೂ ಸಲ್ಲುತ್ತದೆ. 9 ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಂಗೀತ ಚಿಕಿತ್ಸೆಯಿಂದ ಆಟಿಸಂನ ಮುಖ್ಯ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 26 ಅಧ್ಯಯನಗಳನ್ನು ಪರಿಶೀಲಿಸಿದ 2022ರ ಕೊಕ್ರೇನ್ ವಿಮರ್ಶೆಯಾದರೋ ಮಕ್ಕಳ ಒಟ್ಟಾರೆ ಸುಧಾರಣೆ ಮತ್ತು ಜೀವನದ ಗುಣಮಟ್ಟದಲ್ಲಿ ಸಂಗೀತ ಚಿಕಿತ್ಸೆ ನೆರವಾಗುವ ಸಂಭವವಿದೆಯೆಂದು ಹೇಳಿತು. ಎರಡನ್ನೂ ಕೂಡಿಸಿ ಓದಿದಾಗ ಸಿಗುವ ತಿಳಿವಳಿಕೆ ಇದು: ಆಟಿಸಂ ಅನ್ನು ಅಳಿಸುವ ಗುರಿಯಿಟ್ಟು ಅಳೆದರೆ ಕಲೆ ಸೋತಂತೆ ಕಾಣುತ್ತದೆ, ಮಗುವಿನ ನೆಮ್ಮದಿ ಮತ್ತು ಪಾಲ್ಗೊಳ್ಳುವಿಕೆಯನ್ನು ಅಳೆದರೆ ಅದರ ಬೆಲೆ ಗೋಚರಿಸುತ್ತದೆ. ಆಟಿಸಂ ಅನ್ನು ಗುಣಪಡಿಸುತ್ತೇವೆಂದು ಹಣ ಕೇಳುವ ಯಾವ ಶಿಬಿರವನ್ನೂ ಪೋಷಕರು ನಂಬಬಾರದು. ಮಾತಿನ ತರಬೇತಿ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣಗಳ ಜಾಗದಲ್ಲಿ ಸಾವಧಾನವನ್ನೋ ಕಲೆಯನ್ನೋ ಇಡದೆ, ಅವುಗಳ ಜೊತೆಗೆ ಇವನ್ನು ಬಳಸಬೇಕು.

ಅತಿ ನಿರೀಕ್ಷೆಯೂ ಮಗುವಿಗೆ ಭಾರವೇ. ಹೆಲಿಕಾಪ್ಟರಿನಿಂದ ಕಂಡ ನಗರವನ್ನು ನೆನಪಿನಿಂದಲೇ ವಿವರವಾಗಿ ಚಿತ್ರಿಸಬಲ್ಲ ಬ್ರಿಟನ್ನಿನ ಕಲಾವಿದ ಸ್ಟೀಫನ್ ವಿಲ್ಟ್‌ಶೈರ್ ಅವರಂಥ ಪ್ರತಿಭೆ ಆಟಿಸಂ ಇರುವವರಲ್ಲಿಯೂ ಅಪರೂಪ. ಮಗುವಿನ ಚಿತ್ರಕ್ಕೆ ಬಹುಮಾನ ಬರಲೆಂದು ಕಾಯುವ ಮನೆಯಲ್ಲಿ, ಬಣ್ಣದೊಂದಿಗೆ ಆಡುವ ಸಂತೋಷ ಬೇಗ ಬತ್ತಿಹೋಗುತ್ತದೆ.

ಕನ್ನಡದ ಮಕ್ಕಳಿಗೆ ಸಲ್ಲಬೇಕಾದದ್ದು

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಆಟಿಸಂ ಗುರುತಿಸುವ, ನೆರವು ನೀಡುವ ವ್ಯವಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾನ್ಯ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸ್ಪೆಕ್ಟ್ರಮ್ ಕೂಡ ಸೇರಿದ್ದು, ಕಾನೂನು ನಿಗದಿಪಡಿಸಿದ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಆದರೆ ಪರಿಣತರು ಹೆಚ್ಚಾಗಿ ದೊಡ್ಡ ನಗರಗಳಲ್ಲಿಯೇ ಇರುವುದರಿಂದ, ತಾಲ್ಲೂಕು ಕೇಂದ್ರಗಳ ಮತ್ತು ಹಳ್ಳಿಗಳ ಕುಟುಂಬಗಳಿಗೆ ಈ ಹಕ್ಕು ಕೈಗೆಟುಕುವುದು ಕಷ್ಟ. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾದೀತೆಂದು ಹೆದರಿ, ಮನೆಮಾತಾದ ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲಿಯೇ ಮಾತನಾಡಿಸುವ ಪೋಷಕರೂ ಇದ್ದಾರೆ. ಎರಡು ಭಾಷೆಗಳ ಪರಿಸರದಿಂದ ಆಟಿಸಂ ಇರುವ ಮಕ್ಕಳ ಭಾಷಾ ಬೆಳವಣಿಗೆಗೆ ಹಾನಿಯಾಗುತ್ತದೆ ಎಂಬುದನ್ನು ಅಧ್ಯಯನಗಳು ಸಮರ್ಥಿಸಿಲ್ಲ. ಸಾವಧಾನದ ಸೂಚನೆಗಳನ್ನು, ಭಾವನೆಗಳ ಹೆಸರುಗಳನ್ನು ಮಗು ಕಲಿಯಬೇಕಾದದ್ದು ತಾಯಿಯೂ ಅಜ್ಜಿಯೂ ಅದನ್ನು ಮುದ್ದಿಸುವ ಭಾಷೆಯಲ್ಲಿ.

ಅಂಗನವಾಡಿಯಿಂದ ಹಿಡಿದು ಪ್ರೌಢಶಾಲೆಯವರೆಗೆ ಶಿಕ್ಷಕರಿಗೆ ಈ ತಿಳಿವಳಿಕೆ ತಲುಪಬೇಕು. ಪರೀಕ್ಷೆ ಸಮೀಪಿಸಿದಾಗ ಮೊದಲು ಕತ್ತರಿ ಬೀಳುವ ಚಿತ್ರಕಲೆಯ ತರಗತಿಯನ್ನು ಉಳಿಸಬೇಕು. ತರಗತಿಯ ಮೂಲೆಯಲ್ಲಿ ಸದ್ದು ಬೆಳಕು ಕಡಿಮೆಯಿರುವ, ಯಾವ ಮಗುವೂ ನಾಚಿಕೆಯಿಲ್ಲದೆ ಹೋಗಿ ಕೂರಬಹುದಾದ ಜಾಗವೊಂದಿರಬೇಕು. ಇವಕ್ಕೆ ತಗಲುವ ಖರ್ಚು ಹೆಚ್ಚಿಲ್ಲ. ಆಟಿಸಂ ಇರುವ ಮಗು ಎಷ್ಟು ನಿಮಿಷ ಅಲುಗಾಡದೆ ಕುಳಿತಿತು ಎಂದು ಎಣಿಸುವುದನ್ನು ಬಿಟ್ಟು, ಅದು ತಾನಾಗಿ ಕೆಲಸಕ್ಕೆ ಬಂದಿತೇ, ದಣಿದಾಗ ಸಾಕು ಎನ್ನಲು ಅದಕ್ಕೆ ಸಾಧ್ಯವಾಯಿತೇ, ತನ್ನ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಟ್ಟಿತೇ ಎಂದು ಕೇಳಲು ಶಾಲೆ ಮತ್ತು ಮನೆ ಕಲಿತರೆ, ಸಾವಧಾನವೂ ಕಲೆಯೂ ಆ ಮಗುವಿಗೆ ನಿಜವಾಗಿ ನೆರವಾಗುತ್ತವೆ.